ಎರಡು ಸೀಸೆಯಲ್ಲಿ ಬೆಳೆದದ್ದು

ನಾನು ಕೈ ತೊಳೆಯುವುದು ಬರೀ ಶಾಸ್ತ್ರಕ್ಕೆ ಎಂಬುದು ಅತ್ತೆಯ ಹದಿನಾಲ್ಕು ವರ್ಷಗಳ ದೃಢ ಅಭಿಪ್ರಾಯ. ನಾನು ತೊಳೆದಿಟ್ಟ ಲೋಟವನ್ನು ಅವರು ಮತ್ತೊಮ್ಮೆ ತೊಳೆದೇ ನೀರು ಕುಡಿಯುತ್ತಾರೆ. ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ಗುರುತು ಹಿಡಿಯುವುದು ನನ್ನ ಕೆಲಸ. ದಿನಕ್ಕೆ ನಲವತ್ತು ಸಲ ಕೈ ತೊಳೆಯುತ್ತೇನೆ. ಹಾಗೆಂದರೆ, "ಅದು ಅಲ್ಲಿ. ಇಲ್ಲಿ ತೊಳೆದಿದ್ದು ನಾನಂತೂ ನೋಡಿಲ್ಲ" ಎನ್ನುತ್ತಾರೆ.

ಈ ಅತ್ತೆಗೆ ಕಳೆದ ವರ್ಷ ಲೋಹದ ಮಂಡಿ ಕೂರಿಸಿದರು. ಎಂಟು ತಿಂಗಳಿಗೆ ಅದು ಊದಿತು. ಒಳಗೆ ಸೋಂಕಿರಬಹುದೆಂದು ಡಾಕ್ಟರು ಸೂಜಿಯಿಂದ ನೀರು ತೆಗೆದು, ಐದು ಸೀಸೆಗಳಲ್ಲಿ ನಮ್ಮ ಲ್ಯಾಬಿಗೆ ಕಳಿಸಿದರು. ಮನೆಯವರ ಸೀಸೆಯನ್ನು ಮನೆಯವರು ಮುಟ್ಟಬಾರದೆಂಬ ನಿಯಮ ನಮ್ಮಲ್ಲಿದೆ. ನಾನು ಮುಟ್ಟಿದೆ. ಸಹೋದ್ಯೋಗಿಗಳು ಎಷ್ಟು ಅಜಾಗರೂಕರೆಂದು ನನಗಲ್ಲದೆ ಇನ್ಯಾರಿಗೆ ಗೊತ್ತು?

ಎಲ್ಲರ ಚರ್ಮದ ಮೇಲೂ ಒಂದು ಸಾಧು ಬ್ಯಾಕ್ಟೀರಿಯಾ ಇರುತ್ತದೆ. ಹೊರಗಿರುವಷ್ಟು ದಿನ ಯಾರ ತಂಟೆಗೂ ಹೋಗದು. ಲೋಹದ ಕೀಲು ಸಿಕ್ಕಿತೋ, ಲೋಳೆಯ ಮನೆ ಕಟ್ಟಿಕೊಂಡು ಬಿಡಾರ ಹೂಡುತ್ತದೆ, ಔಷಧಿಗೂ ಜಗ್ಗುವುದಿಲ್ಲ. ಅದು ಒಂದೇ ಸೀಸೆಯಲ್ಲಿ ಬೆಳೆದರೆ ಯಾರದೋ ಕೈಯಿಂದ ಬಿದ್ದದ್ದೆಂದು ಬಿಟ್ಟುಬಿಡುತ್ತೇವೆ. ಎರಡರಲ್ಲಿ ಬೆಳೆದು, ಎರಡರ ಜೀನುಗಳೂ ಒಂದೇ ಆಗಿದ್ದರೆ ಸೋಂಕೆಂದು ಬರೆಯುತ್ತೇವೆ. ಅತ್ತೆಯದು ಎರಡರಲ್ಲಿ ಬೆಳೆಯಿತು. ಜೀನುಗಳೂ ಒಂದೇ. ಸೋಮವಾರ ಮಂಡಿ ಕೊಯ್ದು ಲೋಹ ತೆಗೆಯುವುದೆಂದು ನಿಗದಿಯಾಯಿತು. ಆಮೇಲೆ ತಿಂಗಳುಗಟ್ಟಲೆ ನೆಟ್ಟಗೆ ಕಾಲೂರುವ ಹಾಗಿಲ್ಲ. ಅತ್ತೆ ಗೋಡೆಯ ಕಡೆ ತಿರುಗಿ, ಯಾರಿಗೂ ಕಾಣದ ಹಾಗೆ ಅತ್ತರು. ನನಗೆ ಕಾಣಿಸಿತು.

ನಮ್ಮಲ್ಲಿ ಇನ್ನೊಂದು ಪರೀಕ್ಷೆ ಬಾಕಿ ಇರುತ್ತದೆ. ಲ್ಯಾಬಿನವರೆಲ್ಲರ ಚರ್ಮದ ಬ್ಯಾಕ್ಟೀರಿಯಾವನ್ನು ಫ್ರೀಜರಿನಲ್ಲಿಟ್ಟು, ಅವುಗಳ ಜೀನುಗಳನ್ನು ಕಂಪ್ಯೂಟರಿಗೆ ಏರಿಸಿದ್ದೇವೆ. ಕಳ್ಳ ಮನೆಯೊಳಗೇ ಇರಬಹುದಲ್ಲ! ಶನಿವಾರ ಅತ್ತೆಯ ಸೀಸೆಯಲ್ಲಿ ಬೆಳೆದದ್ದನ್ನು ಅವುಗಳ ಜೊತೆ ಹೋಲಿಸಿ ನೋಡಿದೆ. ಒಂದರ ಜೊತೆ ಜೀನಿನ ಇಪ್ಪತ್ತೈದು ಲಕ್ಷ ಅಕ್ಷರಗಳಲ್ಲಿ ಎರಡೇ ಎರಡು ವ್ಯತ್ಯಾಸ. ಅದು ಸಿಬ್ಬಂದಿ ಸಂಖ್ಯೆ ಏಳರದು. ಏಳು ಎಂದರೆ ನಾನು.

ಅತ್ತೆಯ ವಾರ್ಡಿಗೆ ಓಡಿದೆ. ಡಾಕ್ಟರೂ ನನ್ನ ಗಂಡನೂ ಅಲ್ಲೇ ಇದ್ದರು.

"ಡಾಕ್ಟ್ರೇ, ಲ್ಯಾಬಲ್ಲಿ ಸಣ್ಣ ತಪ್ಪಾಗಿದೆ. ಆಪರೇಷನ್ ಬೇಡ. ಅದು ಯಾರದೋ ಕೈಯಿಂದ ಬಿದ್ದಿದ್ದು."

"ಯಾರದೋ ಅಂದ್ರೆ ಹೇಗಮ್ಮ? ಊಹೆ ಮೇಲೆ ನಿಲ್ಸೋಕಾಗಲ್ಲ. ಯಾರದು ಅಂತ ಗೊತ್ತಿದ್ರೆ ಹೇಳಿ."

ಅತ್ತೆ ದಿಂಬಿನಿಂದ ಕತ್ತೆತ್ತಿದರು. ಗಂಡ ಕಿಟಕಿಯ ಚಿಲಕವನ್ನು ವಿಪರೀತ ಆಸಕ್ತಿಯಿಂದ ನೋಡತೊಡಗಿದ.

"ನಂದೇ," ಎಂದೆ.

ಸಾಕಲ್ಲ! ಅತ್ತೆಯ ಮುಖಕ್ಕೆ ವಾರದಿಂದ ಇಲ್ಲದ ಕಳೆ ಬಂತು. "ನಾನು ಬಾಯಲ್ಲಿ ಹೇಳಿದ್ರೆ ಯಾರೂ ನಂಬಲಿಲ್ಲ. ಈಗ ಮಿಷನ್ನೇ ಹೇಳ್ತು! ಕೇಳಿಸ್ತೇನೋ?" ಎಂದು ಮಗನನ್ನು ಕೇಳಿದರು. ಪಕ್ಕದ ಹಾಸಿಗೆಯವರಿಗೂ ಸುದ್ದಿ ಮುಟ್ಟಿಸಿದರು. ರಿಪೋರ್ಟಿನದೊಂದು ಪ್ರತಿ ಬೇಕೆಂದರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

ಡಾಕ್ಟರು ಆಪರೇಷನ್ ನಿಲ್ಲಿಸಿ, ಮತ್ತೆ ನೀರು ತೆಗೆಯಲು ಸೂಜಿ ತರಿಸಿದರು. ಆ ನೀರಿನ ಐದು ಸೀಸೆಗಳಲ್ಲಿ ಒಂದರಲ್ಲೂ ಏನೂ ಬೆಳೆಯಲಿಲ್ಲ. ಊತ ಮೆಟ್ಟಿಲು ಹತ್ತಿಳಿದದ್ದರಿಂದ ಬಂದದ್ದು, ತಾನಾಗಿ ಇಳಿಯಿತು. ಮಂಡಿಯ ಚಿಂತೆ ನಿಮಗೆ ಬೇಡವೆಂದು ಈಗಲೇ ಹೇಳಿಬಿಟ್ಟೆ.

"ಈ ಸಲ ಸೀಸೆ ಬೇರೆಯವರ ಕೈಗೆ ಕೊಡೋಣ," ಎಂದರು ಡಾಕ್ಟರು, ಸೂಜಿ ಕೈಗೆತ್ತಿಕೊಳ್ಳುತ್ತ.

"ಯಾರ ಕೈಗೂ ಬೇಡ. ಇವಳೇ ಮಾಡ್ಲಿ," ಎಂದರು ಅತ್ತೆ.

"ಇಷ್ಟೆಲ್ಲ ಆದ್ಮೇಲೂನಾ?"

"ಇವಳ ಕೈ ಕೊಳಕು, ಅದು ಹದಿನಾಲ್ಕು ವರ್ಷದಿಂದ ಗೊತ್ತಿರೋದೇ. ಆದ್ರೆ ತಪ್ಪಾದ್ರೆ ನನ್ನ ಮುಖ ನೋಡ್ಕೊಂಡು ನಂದೇ ಅಂತ ಹೇಳ್ತಾಳೆ. ಬೇರೆಯವರಾಗಿದ್ರೆ ಬಾಯಿ ಮುಚ್ಕೊಂಡು ನನ್ನ ಕಾಲು ಕೊಯ್ಯಿಸ್ತಿದ್ರು."

ಅತ್ತೆಯ ಮಾತಿಗೆ ಎದುರು ಮಾತು ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅವತ್ತು ಅದನ್ನು ಅಲ್ಲೇ ಬಿಟ್ಟು, ವಾರ್ಡಿನ ನಲ್ಲಿಯ ಬಳಿ ಹೋಗಿ, ಅತ್ತೆಗೆ ಕಾಣುವ ಹಾಗೆ ನಿಂತು ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದೆ.