ಮೂವತ್ತು ವರ್ಷದ ವಾದ

"ತಲೆ ಕಡೆ ಎತ್ತಿ, ಎತ್ತಿ!" ಎಂದು ಮೇಲಿನ ಮೆಟ್ಟಿಲಿನಿಂದ ಒಬ್ಬರು ಕೂಗಿದರು.

"ಅಯ್ಯೋ, ಎತ್ತಬೇಡ್ರೀ! ಮೊದಲು ಕಾಲ ಕಡೆ ಇಳಿಸಿ," ಎಂದು ಕೆಳಗಿನಿಂದ ಇನ್ನೊಬ್ಬರು.

"ಎಲ್ಲರೂ ಒಂದು ನಿಮಿಷ ನನ್ನ ಮಾತು ಕೇಳಿ. ಇದನ್ನ ಮೂರು ಹಂತದಲ್ಲಿ ಮಾಡೋಣ," ಎಂದು ನಿವೃತ್ತ ಹೆಡ್‌ಮೇಷ್ಟ್ರು ನಡುವಿನಿಂದ ಶುರುಮಾಡಿದರು. ಯಾರೂ ಕೇಳಲಿಲ್ಲ.

ಪೆಟ್ಟಿಗೆ ಎರಡನೆಯ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಅದರ ಒಂದು ಮೂಲೆ ಕರೆಂಟ್ ಮೀಟರಿನ ಡಬ್ಬಿಗೆ ಒತ್ತಿಕೊಂಡಿತ್ತು, ಇನ್ನೊಂದು ಮೂಲೆ ಕಬ್ಬಿಣದ ಕಟಕಟೆಯ ಸಂದಿನಲ್ಲಿ ಕೂತಿತ್ತು. ಹೊತ್ತವರು ಆರು ಜನ. ಹೇಗೆ ಹೊರಬೇಕೆಂದು ಹೇಳುತ್ತಿದ್ದವರು ಮೆಟ್ಟಿಲುದ್ದಕ್ಕೂ ನಿಂತಿದ್ದರು, ಅಷ್ಟೂ ಜನ ಮೇಷ್ಟ್ರುಗಳು ಮತ್ತು ಟೀಚರಮ್ಮಂದಿರು. ಒಬ್ಬರು ಎಡಕ್ಕೆಂದರೆ ಇನ್ನೊಬ್ಬರು ಬಲಕ್ಕೆನ್ನುತ್ತಿದ್ದರು. ತಾವು ಯಾರ ಎಡವನ್ನು ಹೇಳುತ್ತಿದ್ದೇವೆ ಎಂದು ಮೂರನೆಯವರು ಬಿಡಿಸಿ ವಿವರಿಸುತ್ತಿದ್ದರು.

ಮೇಲಿನ ಮೆಟ್ಟಿಲಲ್ಲಿ ಮಗಳ ಕೈ ಹಿಡಿದು ನಿಂತಿದ್ದ ಲೆಕ್ಕದ ಮೇಡಂ ಇದನ್ನೆಲ್ಲ ನೋಡುತ್ತಿದ್ದರು. ಪೆಟ್ಟಿಗೆಯೊಳಗೆ ಮಲಗಿದ್ದವರು ಅವರ ಗಂಡ. ಊರಿನ ಮೇಷ್ಟ್ರುಗಳಿಗೆಲ್ಲ ಅವರು 'ದಾರದ ಮೇಷ್ಟ್ರು'. ಜೊತೆಗೂಡಿ ಕಲಿಯುವುದು ಹೇಗೆ, ಮಕ್ಕಳನ್ನು ಜೊತೆಗೂಡಿಸಿ ಕಲಿಸುವುದು ಹೇಗೆ ಎಂದು ಇದೇ ಮೇಷ್ಟ್ರುಗಳಿಗೆ ಮೂವತ್ತು ವರ್ಷ ಹೇಳಿಕೊಟ್ಟವರು. ಈಗ ಅವರ ಶಿಷ್ಯರೆಲ್ಲ ಸೇರಿ ಅವರನ್ನು ಒಂದು ಮೆಟ್ಟಿಲು ಇಳಿಸಲಾಗದೆ ಒದ್ದಾಡುತ್ತಿದ್ದರು.

"ಅಮ್ಮಾ, ನೀನು ಒಳಗೆ ಹೋಗಿ ಕೂತ್ಕೋ," ಎಂದಳು ಮಗಳು.

"ಇಲ್ಲೇ ಇರ್ತೀನಿ," ಎಂದರು ಮೇಡಂ. ಅವರದು ಸಾವಿನ ಸಂಕಟವಷ್ಟೇ ಆಗಿರಲಿಲ್ಲ. ತಾವು ಹೇಳಿದ್ದು ನಿಜವಾಗುತ್ತಿದೆಯಲ್ಲ ಎಂಬ ಸಂಕಟವೂ ಅದರಲ್ಲಿ ಸೇರಿತ್ತು.

*

ಗಂಡ ಹೆಂಡತಿ ಇಬ್ಬರೂ ಮೇಷ್ಟ್ರುಗಿರಿಯವರೇ ಆದರೂ ಇಬ್ಬರ ದಾರಿ ಬೇರೆ. ಮೇಡಮ್ಮಿನ ತರಗತಿಯಲ್ಲಿ ಸೂಜಿ ಬಿದ್ದರೂ ಸದ್ದು ಕೇಳುತ್ತಿತ್ತು. ಬೆಂಚುಗಳು ಗೀಟು ಹೊಡೆದ ಹಾಗೆ ಸಾಲಾಗಿರಬೇಕು, ಯಾರನ್ನು ಕೇಳಿದರೋ ಅವರು ಮಾತ್ರ ಉತ್ತರಿಸಬೇಕು, ಪಕ್ಕದವನ ಪುಸ್ತಕಕ್ಕೆ ಕಣ್ಣು ಹಾಕಿದವನು ನಿಂತುಕೊಳ್ಳಬೇಕು. ಲೆಕ್ಕಕ್ಕೆ ಹೆದರುತ್ತಿದ್ದ ಎಷ್ಟೋ ಮಕ್ಕಳನ್ನು ಅವರು ಹೀಗೆಯೇ ದಡ ಮುಟ್ಟಿಸಿದ್ದರು. ಆ ಬಗ್ಗೆ ಅವರಿಗೆ ಹೆಮ್ಮೆಯಿತ್ತು, ಇರಬೇಕಾದ್ದೇ.

ಗಂಡನ ಕೆಲಸ ತರಬೇತಿ ಕೇಂದ್ರದಲ್ಲಿ. ಉದ್ದನೆಯ ಪಡಸಾಲೆಯ ಕೊನೆಯ ಕೋಣೆ ಅವರದು. ಅಲ್ಲಿ ಒಂದು ಬೆಂಚೂ ಇರಲಿಲ್ಲ. ಖಾಲಿ ಸೀಸೆಗಳು, ಹಳೆಯ ಪೇಪರು, ದಾರದ ಉಂಡೆಗಳು, ಇಷ್ಟೇ ಅವರ ಸಾಮಾನು. ಒಂದು ಪೆನ್ಸಿಲಿಗೆ ಆರು ದಾರ ಕಟ್ಟಿ ಆರು ಮೇಷ್ಟ್ರುಗಳ ಕೈಗೆ ಒಂದೊಂದು ತುದಿ ಕೊಡುತ್ತಿದ್ದರು. ಮಾತಾಡದೆ ಆ ಪೆನ್ಸಿಲನ್ನು ಸೀಸೆಯ ಬಾಯಿಗೆ ಇಳಿಸಬೇಕು. ಒಬ್ಬರು ಜೋರಾಗಿ ಎಳೆದರೂ ಕೆಟ್ಟಿತು, ಒಬ್ಬರು ಸಡಿಲ ಬಿಟ್ಟರೂ ಕೆಟ್ಟಿತು. ದಾರದ ಮೇಷ್ಟ್ರು ಗೋಡೆಗೆ ಒರಗಿ ಸುಮ್ಮನೆ ನಿಂತಿರುತ್ತಿದ್ದರಂತೆ. ಪೆನ್ಸಿಲು ಒಳಗೆ ಬಿದ್ದ ಮೇಲೆ, "ಈಗ ಹೇಳಿ, ಏನಾಯ್ತು?" ಎಂದು ಮಾತ್ರ ಕೇಳುತ್ತಿದ್ದರಂತೆ.

'ಅಂತೆ' ಏಕೆಂದರೆ ಮೇಡಂ ಆ ಕೋಣೆಗೆ ಒಮ್ಮೆಯೂ ಕಾಲಿಟ್ಟವರಲ್ಲ. ಕೇಳಿದ್ದೆಲ್ಲ ಮನೆಯಲ್ಲಿ, ಊಟದ ಹೊತ್ತಿನಲ್ಲಿ.

"ಮೀಸೆ ಬಂದೋರ ಕೈಲಿ ಆಟ ಆಡಿಸ್ತೀರಲ್ಲ, ನಿಮಗಾದ್ರೂ ನಾಚಿಕೆ ಬೇಡ್ವಾ?"

"ಆಟ ಅಲ್ಲ ಕಣೇ. ಒಬ್ಬರನ್ನೊಬ್ಬರು ಗಮನಿಸೋದು ಅಂದ್ರೇನು ಅಂತ ಅವರ ಕೈಗೇ ಗೊತ್ತಾಗ್ಬೇಕು. ಬಾಯಲ್ಲಿ ಹೇಳಿದ್ರೆ ಬರ್ದುಕೊಂಡು ಹೋಗ್ತಾರೆ ಅಷ್ಟೇ."

"ನಿಮ್ಮ ಮುಂದೆ ತಲೆ ಆಡಿಸ್ತಾರೆ. ನಾಳೆ ಸ್ಕೂಲಿಗೆ ಹೋಗಿ ಬಾಗಿಲು ಹಾಕ್ಕೊಂಡು ಹಳೇ ರಾಗ ಹಾಡ್ತಾರೆ. ಮೇಷ್ಟ್ರುಗಳನ್ನ ನನಗಿಂತ ಬಲ್ಲಿರಾ ನೀವು? ಐದು ಜನ ಮೇಷ್ಟ್ರು ಸೇರಿದ್ರೆ ಐದೂ ಜನ ಪಾಠ ಹೇಳ್ತಾರೆ, ಕೇಳೋರು ಒಬ್ಬರೂ ಇರಲ್ಲ."

ಅವರು ನಗುತ್ತಿದ್ದರು. ಸಾರು ಬಡಿಸಿಕೊಳ್ಳುತ್ತ, "ನೋಡೋಣ," ಎನ್ನುತ್ತಿದ್ದರು. ಮೂವತ್ತು ವರ್ಷ ಈ ವಾದ ನಡೆಯಿತು. ಕೆಲವು ಮನೆಗಳಲ್ಲಿ ಊಟದ ಜೊತೆ ರೇಡಿಯೋ ಇರುವ ಹಾಗೆ ಅವರ ಮನೆಯಲ್ಲಿ ಇದಿತ್ತು. ಗೆಲ್ಲಬೇಕೆಂಬ ಹಟ ಇಬ್ಬರಿಗೂ ಇತ್ತು, ಮುಗಿಸಬೇಕೆಂಬ ಆಸೆ ಯಾರಿಗೂ ಇರಲಿಲ್ಲ.

ಅದನ್ನು ಮುಗಿಸಿದವರು ದಾರದ ಮೇಷ್ಟ್ರೇ, ಹೋದ ವಾರ. ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದವರು ಇದ್ದಕ್ಕಿದ್ದಂತೆ, "ನೀನು ಹೇಳಿದ್ದೇ ಸರಿ ಇರಬೇಕು ಕಣೇ," ಎಂದರು.

"ಯಾವುದು?"

"ಬಾಗಿಲು ಹಾಕ್ಕೋತಾರೆ ಅಂತಿದ್ಯಲ್ಲ. ಮೊನ್ನೆ ಆಸ್ಪತ್ರೆಯಿಂದ ಬರ್ತಾ ಸ್ಕೂಲಿನ ಮುಂದೆ ಕಾರು ನಿಂತಿತ್ತು ನೋಡು, ಆಗ ಕಿಟಕಿಯಿಂದ ಇಣುಕಿದೆ. ಮಕ್ಕಳು ಒಬ್ಬರ ಬೆನ್ನು ಒಬ್ಬರು ನೋಡ್ಕೊಂಡು ಕೂತಿದ್ರು. ಅಲ್ಲಿರೋ ಎಷ್ಟು ಜನಕ್ಕೆ ನಾನೇ ಕಲಿಸಿದ್ದೆ. ಏನೂ ಆಗಿಲ್ಲ. ಮೂವತ್ತು ವರ್ಷ ಸೀಸೆಗೆ ಪೆನ್ಸಿಲ್ ಇಳಿಸಿದ್ದೇ ಬಂತು."

ಮೇಡಂ ಆ ದಿನ 'ಹಾಗೇನಿಲ್ಲ' ಎನ್ನಬಹುದಿತ್ತು. ಆದರೆ ಜೀವಮಾನವಿಡೀ ಎದುರು ಮಾತಾಡಿದವಳು ಈಗ ಒಪ್ಪಿದರೆ ಅದು ಬರೀ ಸಮಾಧಾನದ ಮಾತೆಂದು ಗಂಡನಿಗೆ ಗೊತ್ತಾಗದೆ ಇರುತ್ತದೆಯೇ? ಒದ್ದೆ ಬಟ್ಟೆಯಿಂದ ಅವರ ಮುಖ ಒರೆಸಿದರು. ಅವರು ಕಣ್ಣು ಮುಚ್ಚಿದರು. ಆಮೇಲೆ ಆ ಮಾತು ಎತ್ತಲು ಸಮಯ ಸಿಗಲಿಲ್ಲ. ಗೆದ್ದ ವಾದವೊಂದು ಕಲ್ಲಿನ ಹಾಗೆ ಮೇಡಮ್ಮಿನ ಎದೆಯ ಮೇಲೆ ಉಳಿದುಬಿಟ್ಟಿತು.

*

ಪೆಟ್ಟಿಗೆ ಇನ್ನಷ್ಟು ವಾಲಿತು. ಮೀಟರಿನ ಡಬ್ಬಿ ಕಿರ್ರೆಂದಿತು. "ನಾನು ಹೇಳಿದ್ದು ಹಾಗಲ್ಲ!" "ನೀವು ಹೇಳಿದ್ದಕ್ಕೇ ಹೀಗಾಗಿದ್ದು!" ಹೆಡ್‌ಮೇಷ್ಟ್ರು ಎರಡನೆಯ ಹಂತಕ್ಕೆ ಬಂದಿದ್ದರು.

"ಸೈಲೆನ್ಸ್!"

ಮೇಡಂ ಅಂಗೈಯಿಂದ ಕಟಕಟೆಗೆ ಬಡಿದಿದ್ದರು. ಆ ಕೂಗು ತಮ್ಮ ಗಂಟಲಿನಿಂದಲೇ ಬಂದದ್ದೆಂದು ಅವರಿಗೆ ಒಂದು ಕ್ಷಣ ತಡವಾಗಿ ಗೊತ್ತಾಯಿತು. ಇಡೀ ಮೆಟ್ಟಿಲಸಾಲು ಗಪ್‌ಚಿಪ್ಪಾಯಿತು. ಹೆಡ್‌ಮೇಷ್ಟ್ರು ಬೆರಳನ್ನು ತುಟಿಯ ಮೇಲಿಟ್ಟುಕೊಂಡರು. ಕೆಳಗಿನ ಮನೆಯವರ ಟೀವಿ ಕೂಡ ನಿಂತುಹೋಯಿತು.

ಆಮೇಲೆ ನಡೆದದ್ದನ್ನು ಮೇಡಂ ಕಣ್ಣು ಬಿಟ್ಟುಕೊಂಡು ನೋಡಿದರು. ಮುಂದೆ ಹೊತ್ತಿದ್ದ ಡ್ರಿಲ್ ಮೇಷ್ಟ್ರು ಹಿಂದಿನವರತ್ತ ತಿರುಗಿ ಹುಬ್ಬು ಏರಿಸಿದರು. ಹಿಂದೆ ಇದ್ದ ಉದ್ದನೆಯ ಮನುಷ್ಯ ಮೊಣಕಾಲು ಬಗ್ಗಿಸಿ ತನ್ನ ಭುಜವನ್ನು ಪಕ್ಕದ ಕುಳ್ಳನ ಭುಜದ ಮಟ್ಟಕ್ಕೆ ತಂದ. ದಪ್ಪ ಕನ್ನಡಕದ ಟೀಚರಮ್ಮ ಒಬ್ಬರು ಮೆಟ್ಟಿಲ ಮೇಲೆ ಕೂತೇಬಿಟ್ಟು, ಪೆಟ್ಟಿಗೆಯ ಮೂಲೆಗೂ ಗೋಡೆಗೂ ನಡುವೆ ತಮ್ಮ ಅಂಗೈ ಇಟ್ಟರು. ಹೊರುತ್ತಿದ್ದವರ ಕಣ್ಣುಗಳೆಲ್ಲ ಆ ಅಂಗೈಯ ಮೇಲೆ ನೆಟ್ಟವು. ಅದು ತುಸು ಸರಿದರೆ ಪೆಟ್ಟಿಗೆ ತುಸು ಸರಿಯುತ್ತಿತ್ತು, ಅದು ನಿಂತರೆ ನಿಲ್ಲುತ್ತಿತ್ತು. ಒಬ್ಬರ ಉಸಿರಿಗೆ ಇನ್ನೊಬ್ಬರು ಕಾಯುತ್ತಿದ್ದರು. ಪೆಟ್ಟಿಗೆ ತಿರುವು ದಾಟಿ ಕೆಳಗಿಳಿಯಿತು.

'ಇದನ್ನಾ ಇವರು ದಿನಾ ನೋಡ್ತಿದ್ದದ್ದು?' ಎಂದುಕೊಂಡರು ಮೇಡಂ. ಆ ಕೋಣೆಗೆ ಒಂದು ದಿನವಾದರೂ ಹೋಗಬೇಕಿತ್ತು ಎನಿಸಿತು. ಅದರ ಬೆನ್ನಿಗೇ ಲೆಕ್ಕದವರ ಬುದ್ಧಿ ತಲೆ ಎತ್ತಿತು. ಇದು ಮೆಟ್ಟಿಲು. ತರಗತಿಯ ಮಾತೇ ಬೇರೆ.

*

ಸ್ಮಶಾನ ಊರಾಚೆ. ಮಗಳು ಮುಂದಿನ ಗಾಡಿಗೆ ಕರೆದಳು. ಮೇಡಂ ಹೋಗಲಿಲ್ಲ, ಮೇಷ್ಟ್ರುಗಳ ಮಿನಿಬಸ್ಸು ಹತ್ತಿ ಮಧ್ಯದ ಸೀಟಿನಲ್ಲಿ ಕೂತರು. ಬಸ್ಸು ಹೊರಟಿತು. ಮೇಡಂ ಎದ್ದು, ಸೀಟಿನ ಕಂಬಿ ಹಿಡಿದು, ಎಲ್ಲರ ಕಡೆ ತಿರುಗಿದರು.

"ಒಂದು ಪ್ರಶ್ನೆ ಕೇಳ್ತೀನಿ. ಸತ್ತೋರ ಮನೆ ಅಂತ ಸುಳ್ಳು ಹೇಳ್ಬೇಡಿ. ಅವರು ಹೇಳ್ಕೊಟ್ಟಿದ್ದನ್ನ ನೀವು ಕ್ಲಾಸಲ್ಲಿ ಮಾಡ್ತೀರಾ, ಇಲ್ವಾ?"

"ಏನ್ ಮೇಡಂ ಹೀಗೆ ಕೇಳ್ತೀರಿ? ನಾನಿದ್ದಾಗ ನಮ್ಮ ಶಾಲೆಯ ಮೂಲೆಮೂಲೆಯಲ್ಲೂ ಸಾರ್ ಅವರ ಆದರ್ಶ..." ಎಂದು ಹೆಡ್‌ಮೇಷ್ಟ್ರು ಎದ್ದರು.

"ನೀವು ಕೂತ್ಕೊಳ್ಳಿ. ನಿಮ್ಮ ಶಾಲೆ ನನಗೆ ಗೊತ್ತು."

ಹಿಂದಿನ ಸೀಟಿನಲ್ಲಿ ಯಾರೋ ನಗು ತಡೆಯಲು ಕೆಮ್ಮಿದರು. ಡ್ರಿಲ್ ಮೇಷ್ಟ್ರು ಕತ್ತು ಕೆರೆದುಕೊಂಡರು. "ನಿಜ ಹೇಳ್ಬೇಕು ಅಂದ್ರೆ, ಎರಡು ವಾರ ಮಾಡ್ದೆ ಮೇಡಂ. ಗಲಾಟೆ ಜಾಸ್ತಿ ಅಂತ ಪಕ್ಕದ ಕ್ಲಾಸಿನೋರು ದೂರು ಕೊಟ್ರು. ಬಿಟ್ಬಿಟ್ಟೆ."

"ನಾನು ವಿಜ್ಞಾನ. ಲ್ಯಾಬಲ್ಲಿ ಮಾತ್ರ ಮಾಡ್ತೀನಿ," ಎಂದ ಉದ್ದನೆಯ ಮನುಷ್ಯ. "ಅದೂ ಸಾಮಾನು ಸಾಲಲ್ಲ ಅಂತ."

ಇನ್ನೊಬ್ಬರು ಕಿಟಕಿಯಾಚೆ ನೋಡಿದರು. ಮೇಡಮ್ಮಿನ ಮುಖ ಇಳಿಯಿತು. ಕೇಳಬಾರದಿತ್ತು, ಕೆದಕಿ ಕೆದಕಿ ಇವತ್ತೂ ತಾವೇ ಗೆಲ್ಲುತ್ತಿದ್ದೇವೆ, ಎನಿಸಿತು.

ಕನ್ನಡಕದ ಟೀಚರಮ್ಮನ ಪಕ್ಕದಲ್ಲಿ, ಮಡಿಚಿದ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಹುಡುಗಿ ಕೂತಿದ್ದಳು. "ಮೇಡಂ, ನಾನು ಸಾರ್‌ನ ನೋಡೇ ಇಲ್ಲ," ಎಂದಳು ಅವಳು. "ಅವರ ಹತ್ರ ತರಬೇತಿನೂ ಆಗಿಲ್ಲ. ಇವರಿಗೆ ಮಂಡಿ ನೋವು, ಜೊತೆಗಿರಲಿ ಅಂತ ಬಂದೆ. ಆದ್ರೆ ನೀವು ಹೇಳ್ತಿರೋದು ಗುಂಪಲ್ಲಿ ಕೂರಿಸೋದು, ಒಬ್ಬರಿಗೊಬ್ಬರು ಹೇಳ್ಕೊಡೋದು, ಅದೇ ತಾನೆ? ಅದನ್ನ ನಾನು ದಿನಾ ಮಾಡ್ತೀನಿ."

"ನಿನಗ್ಯಾರು ಕಲಿಸಿದ್ದು?"

"ಮಕ್ಕಳು."

ಹುಡುಗಿಗೆ ಸಂಕೋಚವಾದರೂ ಹೇಳಿದಳು. "ನಾನು ಹೋದ ವರ್ಷ ಕೆಲಸಕ್ಕೆ ಸೇರಿದ್ದು. ಐದನೇ ಕ್ಲಾಸು. ಮೊದಲನೇ ದಿನ ಒಳಗೆ ಹೋದ್ರೆ ಬೆಂಚು ಎಳೆದಾಡಿ ಎದುರುಬದುರು ಹಾಕ್ಕೋತಾ ಇದ್ರು. ಚೆನ್ನಾಗಿ ಬೈದೆ. ಒಬ್ಬಳು ಎದ್ದು, 'ಮಿಸ್, ನಿಮಗೆ ಇದು ಬರಲ್ವಾ? ನಾವು ಹೇಳ್ಕೊಡ್ತೀವಿ' ಅಂದ್ಳು. ಒಬ್ಬರು ಓದ್ಬೇಕಂತೆ, ಒಬ್ಬರು ಪ್ರಶ್ನೆ ಕೇಳ್ಬೇಕಂತೆ, ಒಬ್ಬರು ಬರೀಬೇಕಂತೆ. ಗುಂಪಲ್ಲಿ ಒಬ್ಬರಿಗೆ ಅರ್ಥ ಆಗದೆ ಇದ್ರೂ ಯಾರೂ ಮುಂದಿನ ಪಾಠಕ್ಕೆ ಹೋಗೋ ಹಾಗಿಲ್ಲವಂತೆ. ನಾಲ್ಕನೇ ಕ್ಲಾಸಿನ ಮೇಷ್ಟ್ರನ್ನ ಕೇಳಿದ್ರೆ, 'ನಂಗೂ ಅವೇ ಕಲಿಸಿದ್ದು, ಮೂರನೇ ಕ್ಲಾಸಿಂದ ಹಾಗೇ ಬಂದ್ವು' ಅಂದ್ರು."

"ಮೂರನೇ ಕ್ಲಾಸು ಯಾರದು?"

ಹುಡುಗಿ ಪಕ್ಕಕ್ಕೆ ನೋಡಿದಳು. ಕನ್ನಡಕದ ಟೀಚರಮ್ಮ ಕನ್ನಡಕ ತೆಗೆದು ಒರೆಸತೊಡಗಿದರು.

"ನಂದೇ," ಎಂದರು ಮೆಲ್ಲಗೆ. "ಸಾರ್ ಹತ್ರ ಹೋಗಿ ಬಂದ ಮಾರನೇ ದಿನದಿಂದ ಮಾಡ್ತಿದೀನಿ. ಯಾರಿಗೂ ಹೇಳಿರಲಿಲ್ಲ. ಬಾಗಿಲು ಹಾಕ್ಕೊಂಡು ಮಾಡ್ತಿದ್ದೆ."

"ಬಾಗಿಲು ಯಾಕೆ ಹಾಕ್ಕೋತಿದ್ರಿ?"

"ಗದ್ದಲ ಹೆಡ್‌ಮೇಷ್ಟ್ರಿಗೆ ಕೇಳಿಸುತ್ತಲ್ಲ ಮೇಡಂ."

ಎಲ್ಲರೂ ಹೆಡ್‌ಮೇಷ್ಟ್ರ ಕಡೆ ತಿರುಗಿದರು. "ನನ್ನ ಸ್ಕೂಲಲ್ಲಾ?" ಎಂದು ಅವರು ಬಾಯಿ ತೆರೆದರು. "ಎಷ್ಟು ವರ್ಷದಿಂದ?"

ಮೊದಲು ನಕ್ಕವರು ಮೇಡಂ. ಮೊದಲು ಮೂಗಿನಲ್ಲಿ ಬಂದ ನಗು ಆಮೇಲೆ ಹೊಟ್ಟೆಗಿಳಿಯಿತು. ಬಾಗಿಲು ಹಾಕಿಕೊಳ್ಳುತ್ತಾರೆ ಎಂದು ಮೂವತ್ತು ವರ್ಷ ಹೇಳಿದ್ದರು. ಹಾಕಿಕೊಂಡಿದ್ದೂ ನಿಜವೇ. ಆ ಬಾಗಿಲ ಹಿಂದೆ ಏನು ನಡೆಯುತ್ತಿರಬಹುದೆಂದು ಗಂಡ ಹೆಂಡತಿ ಇಬ್ಬರಿಗೂ ಹೊಳೆದಿರಲಿಲ್ಲ. ಮೇಷ್ಟ್ರು ಎಷ್ಟೇ ಬಾಗಿಲು ಹಾಕಿಕೊಂಡರೂ ವರ್ಷಕ್ಕೊಮ್ಮೆ ಮಕ್ಕಳು ಆಚೆ ಬಂದು ಮುಂದಿನ ತರಗತಿಗೆ ಹೋಗಲೇಬೇಕಲ್ಲ! ನಗುತ್ತಿದ್ದ ಹಾಗೇ ಅವರಿಗೆ ಅಳು ಬಂತು. ಬೆಳಗಿನಿಂದ ಬಾರದೆ ಇದ್ದದ್ದು ಈಗ ಒಟ್ಟಿಗೆ ಬಂತು. ಕನ್ನಡಕದ ಟೀಚರಮ್ಮ ಅವರ ಬೆನ್ನು ಸವರಿದರು, ಮೇಡಂ ಬೇಡವೆನ್ನಲಿಲ್ಲ. ಒಂದು ವಾರ ಮೊದಲು ಈ ಹುಡುಗಿ ಎಲ್ಲಿದ್ದಳು? ಒಂದೇ ಒಂದು ವಾರ ಮೊದಲು ಮನೆಗೆ ಬಂದಿದ್ದರೆ ಆಗುತ್ತಿರಲಿಲ್ಲವೇ?

*

ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು. ಸ್ಮಶಾನದ ಕೆಲಸದವನು ಹಸಿಮಣ್ಣಿನ ಗುಡ್ಡೆಗೆ ಸಲಿಕೆ ಸಿಕ್ಕಿಸಿ ದೂರ ಹೋಗಿ ನಿಂತ. ಮಗಳು ತಾಯಿಯ ತೋಳು ಹಿಡಿದಳು. ಮೇಡಂ ಮೆಲ್ಲಗೆ ಆ ಕೈ ಬಿಡಿಸಿಕೊಂಡು ಅಂಚಿನವರೆಗೂ ಹೋದರು.

"ರೀ," ಎಂದರು. ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿ ಅದು. "ನಾನು ಹೇಳಿದ್ದು ತಪ್ಪು. ನೀವು ಒಪ್ಕೊಂಡಿದ್ದೂ ತಪ್ಪು. ಐದನೇ ಕ್ಲಾಸಿನವರೆಗೂ ಬಂದಿದೆಯಂತೆ. ನಾನೇ ಹೋಗಿ ನೋಡ್ಕೊಂಡು ಬಂದು ಸರಿಯಾಗಿ..."

ಹೇಳ್ತೀನಿ ಎನ್ನಲು ಹೋಗಿ ನಿಂತರು. ನೋಡಿಕೊಂಡು ಬಂದು ಹೇಳುವುದಾದರೂ ಯಾರಿಗೆ? ಅವರು ತುಟಿ ಕಚ್ಚಿಕೊಂಡರು.

"ಸೋಮವಾರ ಬನ್ನಿ ಮೇಡಂ," ಎಂದಳು ಹುಡುಗಿ. ಯಾವಾಗ ಪಕ್ಕಕ್ಕೆ ಬಂದಿದ್ದಳೋ. "ಆದ್ರೆ ಹಿಂದೆ ಕುರ್ಚಿ ಹಾಕಿ ಕೂರಿಸಲ್ಲ. ಯಾವುದಾದ್ರೂ ಗುಂಪಿಗೆ ಸೇರ್ಬೇಕಾಗುತ್ತೆ."

"ನನಗೆ ಇವೆಲ್ಲ ಬರಲ್ಲಮ್ಮ."

"ಭಿನ್ನರಾಶಿ ಬರುತ್ತಲ್ಲ? ಅವಕ್ಕೆ ಅದು ಬರಲ್ಲ. ಮಿಕ್ಕಿದ್ದು ಅವೇ ಹೇಳ್ಕೊಡ್ತವೆ."

ಮೇಡಂ ಕಣ್ಣೊರೆಸಿಕೊಂಡು ಸಲಿಕೆಗೆ ಕೈ ಹಾಕಿದರು. ಮಣ್ಣು ಒದ್ದೆಯಾಗಿ ಭಾರವಾಗಿತ್ತು, ಸಲಿಕೆ ಮೇಲೇಳಲಿಲ್ಲ. ಹುಡುಗಿ ಕೊಡೆಯನ್ನು ನೆಲಕ್ಕೆ ಹಾಕಿ, ಹಿಡಿಯ ಕೆಳಭಾಗದಲ್ಲಿ, ಮೇಡಮ್ಮಿನ ಕೈಗಿಂತ ಒಂದು ಗೇಣು ಕೆಳಗೆ, ತನ್ನೆರಡು ಕೈ ಇಟ್ಟಳು. ಹುಡುಗಿ ಎಡಚಿ. ಮೇಡಂ ಅದನ್ನು ಗಮನಿಸಿ, ತಮ್ಮ ಕಾಲು ಬದಲಿಸಿ, ಅವಳಿಗೆ ಜಾಗ ಮಾಡಿಕೊಟ್ಟು ನಿಂತರು. ಸಲಿಕೆ ತುಂಬ ಮಣ್ಣು ಮೇಲೆದ್ದಿತು.