ಗಂಗಾಜಲದಲ್ಲಿ ನೀಲಿಯಾದ ಚಿನ್ನ

ಮೌಸುಮಿ ಅಡುಗೆಮನೆಯ ನೆಲದಲ್ಲಿ ಈಳಿಗೆಮಣೆಯ ಮುಂದೆ ಕೂತು ಬೆರಳುದ್ದದ ಮೌರಲಾ ಮೀನುಗಳ ಹೊಟ್ಟೆ ಬಿಡಿಸುತ್ತಿದ್ದಳು. ಬುಟ್ಟಿ ಅರ್ಧವೂ ಖಾಲಿಯಾಗಿರಲಿಲ್ಲ, ಮಗಳು ಟುಪುರ್ ಓಡಿಬಂದು ಅವಳ ಸೆರಗು ಹಿಡಿದು ಎಳೆಯತೊಡಗಿದಳು.

"ಏನೇ ಅದು? ಹಲ್ಲುಜ್ಜಿ ಆಯ್ತಾ?"

ಟುಪುರ್ ದೇವರ ಗೂಡಿನ ಕಡೆ ಕೈ ತೋರಿಸಿದಳು.

"ಕೈಯೆಲ್ಲ ಮೀನು ಪುಟ್ಟೀ, ಬಾಯಲ್ಲಿ ಹೇಳು."

"ನಿನ್ನ ಫ್ಲಾಸ್ಕು, ಮಾ. ಗೋಪಾಲನ ಹತ್ತಿರ ಇದೆ."

ಮೌಸುಮಿ ಎದ್ದು ಹೋಗಿ ನೋಡಿದಳು. ನಿಜವೇ. ನಿನ್ನೆ ಸಂಜೆ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಮಗುವಿನಂತೆ ಎದೆಗವಚಿಕೊಂಡು ಕಲ್ಕತ್ತೆಯ ತನ್ನ ಪ್ರಯೋಗಾಲಯದಿಂದ ತಂದಿದ್ದ ಎರಡು ಗಾಜಿನ ಫ್ಲಾಸ್ಕುಗಳಲ್ಲಿ ಒಂದು ಹಿತ್ತಾಳೆ ಗೋಪಾಲನ ಮುಂದೆ ಕೂತಿತ್ತು. ಕೊರಳಿನವರೆಗೆ ನೀರು, ಮೇಲೆ ತೇಲುವ ತುಳಸಿಯೆಲೆ, ಪಕ್ಕದಲ್ಲಿ ಒಂದು ಚೆಂಡುಹೂ.

"ಮಾ! ಇದೇನು ಮಾಡಿದ್ರಿ?"

ಅತ್ತೆ ನೀಹಾರಕಣಾ ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಒಳಗಿನಿಂದ ಬಂದರು. "ಏನು ಮಾಡಿದೆ? ಬೆಳಗ್ಗೆ ಸ್ನಾನದ ಘಾಟಿಗೆ ಹೋಗಿ ಗಂಗೆ ತಂದೆ. ನನ್ನ ತಾಮ್ರದ ಚೊಂಬು ಸೋರ್ತಾ ಇದೆ, ದುರ್ಗಾಪೂಜೆಯಿಂದ ಹೇಳ್ತಾ ಇದೀನಿ, ಯಾರಿಗೆ ಕಿವಿ ಇದೆ? ಈ ಮನೇಲಿ ಎಲ್ಲಕ್ಕಿಂತ ಚೊಕ್ಕದಾದ ಪಾತ್ರೆ ಇದು ಅಂತ ನೀನೇ ಅಲ್ವೇನಮ್ಮ ನಿನ್ನೆ ಹೇಳಿದ್ದು? ಚೊಕ್ಕ ಪಾತ್ರೆಗೆ ಗಂಗೆ ಅಲ್ಲದೆ ಇನ್ನೇನು ಹಾಕ್ತಾರೆ?"

ಮೌಸುಮಿ ನಾಲಿಗೆ ಕಚ್ಚಿಕೊಂಡಳು. ಹೇಳಿದ್ದು ಅವಳೇ. ಚಿನ್ನವನ್ನೂ ಕರಗಿಸುವ ಆಮ್ಲದಲ್ಲಿ ತೊಳೆದು, ಭಟ್ಟಿ ಇಳಿಸಿದ ನೀರಿನಲ್ಲಿ ಮತ್ತೆಮತ್ತೆ ಜಾಲಿಸಿ, ಅಲ್ಯೂಮಿನಿಯಂ ಹಾಳೆ ಸುತ್ತಿ ತಂದದ್ದು. ಯಾರೂ ಮುಟ್ಟಬೇಡಿ, ಇಷ್ಟು ಶುದ್ಧವಾದದ್ದು ಈ ಮನೆಯಲ್ಲಿ ಬೇರೊಂದಿಲ್ಲ ಎಂದು ಸಾರಿದ್ದಳು. ಅವಳು ಫ್ಲಾಸ್ಕಿನತ್ತ ಕೈ ಚಾಚಿದಳು.

"ಹೇ ಹೇ! ಮೀನು ಕೈ!" ಅತ್ತೆ ಕೂಗಿದರು. "ಗೋಪಾಲ ಠಾಕುರನ ಪಾತ್ರೆ ಮುಟ್ಟಬೇಡ ಬೌಮಾ!"

"ನನ್ನ ಪಾತ್ರೆ, ಮಾ."

"ನಿನ್ನೆವರೆಗೆ ನಿನ್ನದು."

ಟುಪುರ್ ಕಿಸಕ್ಕನೆ ನಕ್ಕಳು. ಆ ನಗು ಕೇಳಿ ಮೌಸುಮಿಯ ಕೋಪ ಅಲ್ಲೇ ತಣ್ಣಗಾಯಿತು. ಈಚೆಗೆ ಆ ನಗು ಅಪರೂಪವಾಗಿಬಿಟ್ಟಿತ್ತು.

ಅವತ್ತು ವಿಜ್ಞಾನ ದಿನ. ಪ್ರಯೋಗಾಲಯದವರು ಒಬ್ಬೊಬ್ಬರು ಒಂದೊಂದು ಶಾಲೆಗೆ ಹೋಗಬೇಕು. ಮೌಸುಮಿ ಶ್ರೀರಾಮಪುರದ ಹೆಣ್ಣುಮಕ್ಕಳ ಶಾಲೆಯನ್ನೇ ಕೇಳಿ ಪಡೆದಿದ್ದಳು, ಟುಪುರ್ ನಾಲ್ಕನೇ ತರಗತಿ ಓದುತ್ತಿದ್ದ ಶಾಲೆ. ದುರ್ಗಾಪೂಜೆಗೆ ಮುಂಚೆ ಅಲ್ಲೇ ಒಂದು ದಿನ ಟುಪುರ್ ಪ್ರಶ್ನೆ ಕೇಳಲು ಎದ್ದು ನಿಂತಿದ್ದಳು. ಮೊದಲ ಅಕ್ಷರದಲ್ಲೇ ನಾಲಿಗೆ ತೊಡರಿತು. ಬಿಡಿಸಿಕೊಳ್ಳುವಷ್ಟರಲ್ಲಿ ಇಡೀ ತರಗತಿ ಒಕ್ಕೊರಲಿನಿಂದ ಅವಳ ಮಾತನ್ನು ಪೂರ್ತಿ ಮಾಡಿ ಚಪ್ಪಾಳೆ ತಟ್ಟಿತು. ಅವರು ಪೂರ್ತಿ ಮಾಡಿದ್ದು ಬೇರೆಯೇ ಪ್ರಶ್ನೆ. ಅಂದಿನಿಂದ ಟುಪುರ್ ಯಾರನ್ನೂ ಏನನ್ನೂ ಕೇಳುವುದಿಲ್ಲ. ಕಥೆ ಹೇಳುತ್ತಾಳೆ, ಹಾಡುತ್ತಾಳೆ, ಅಜ್ಜಿಯೊಡನೆ ಜಗಳವಾಡುತ್ತಾಳೆ. ಪ್ರಶ್ನೆ ಬಂದರೆ ಮಾತ್ರ ಅಜ್ಜಿಯ ಕಿವಿಗೆ ಬಾಯಿಟ್ಟು ಪಿಸುಗುಟ್ಟುತ್ತಾಳೆ, ಅಜ್ಜಿ ಅದನ್ನು ಗಟ್ಟಿಯಾಗಿ ಲೋಕಕ್ಕೆ ಕೇಳುತ್ತಾರೆ. ಮಾತು ಕಲಿಸುವ ದಿದಿ ಹೇಳಿದ್ದು ಒಂದೇ: "ಅವಳ ಮಾತನ್ನ ನೀವು ಪೂರ್ತಿ ಮಾಡ್ಬೇಡಿ. ಕಾಯಿರಿ." ಕಾಯುವುದು ಮೌಸುಮಿಗೆ ಕೆಲಸದಲ್ಲಿ ರೂಢಿ. ಮಗಳ ಮುಂದೆ ಅದೆಷ್ಟು ಕಷ್ಟವೆಂದು ಈಗ ಗೊತ್ತಾಗುತ್ತಿತ್ತು.

ಕೈ ತೊಳೆದುಕೊಂಡು ಬಂದು ಅವಳು ಅತ್ತೆಯ ಪಕ್ಕ ಕೂತಳು. "ಮಾ, ಗಂಗೆ ಇದ್ದ ಪಾತ್ರೇಲಿ ನನ್ನ ಕೆಲಸ ಆಗಲ್ಲ."

"ಗಂಗೆಯಿಂದ ಕೆಡೋ ಕೆಲಸ ಎಂಥದ್ದಮ್ಮ?"

"ತೋರಿಸ್ತೀನಿ ಬನ್ನಿ."

ಚೀಲದಲ್ಲಿ ಪುಟ್ಟದೊಂದು ಶೀಶೆಯಿತ್ತು, ಮಕ್ಕಳಿಗೆ ತೋರಿಸಲೆಂದು ಮೊದಲೇ ಮಾಡಿ ತಂದದ್ದು. ಒಳಗೆ ಕೆಂಪು ನೀರು, ದಾಳಿಂಬೆ ಕಾಳನ್ನು ಬೆಳಕಿಗೆ ಹಿಡಿದಂಥ ಕೆಂಪು. ಅದು ಚಿನ್ನ. ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುವಾಗ ಚಿನ್ನ ಹಳದಿ ಬಿಟ್ಟು ಕೆಂಪಾಗುತ್ತದೆ. ಮೌಸುಮಿ ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಕೆಂಪು ಸುರಿದು, ಅತ್ತೆಯ ಕೈಯಿಂದಲೇ ಅದಕ್ಕೆ ಗಂಗಾಜಲ ಹಾಕಿಸಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಕೆಂಪು ನಿಧಾನವಾಗಿ ನೇರಳೆಗೆ ತಿರುಗಿತು, ನೇರಳೆ ನೀಲಿಗೆ ಇಳಿಯಿತು.

ನೀಹಾರಕಣಾರ ಮುಖ ಕಪ್ಪಿಟ್ಟಿತು. ಸೊಸೆಯ ಕೆಲಸ ಅವರಿಗೆ ಗೊತ್ತಿಲ್ಲದ್ದೇನಲ್ಲ. ಅವರ ತವರು ನದಿಯಾ ಜಿಲ್ಲೆಯ ಒಂದು ಹಳ್ಳಿ, ಅಲ್ಲಿ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷ. ಅವರ ಅಣ್ಣನ ಅಂಗೈ, ಎದೆ ತುಂಬ ಧೂಳಿನ ಮೇಲೆ ಮಳೆಹನಿ ಬಿದ್ದಂಥ ಚುಕ್ಕೆಗಳಾಗಿ, ಅವರು ಅದರಲ್ಲೇ ತೀರಿಹೋದರು. ನೀರಿನಲ್ಲಿ ಆ ವಿಷ ಇದ್ದರೆ ಕೆಂಪು ಚಿನ್ನ ನೀಲಿಯಾಗಿ ಹೇಳಬೇಕು, ಯಾವ ಹೆಂಗಸಾದರೂ ಬಾವಿಕಟ್ಟೆಯಲ್ಲೇ ನಿಂತು ನೋಡಿಕೊಳ್ಳುವಂತಿರಬೇಕು: ಮೌಸುಮಿ ವರ್ಷಗಳಿಂದ ಮಾಡುತ್ತಿರುವುದು ಅದನ್ನೇ.

"ಅಂದ್ರೆ ಗಂಗಾಮಾಯಿಲಿ ವಿಷ ಇದೆ ಅಂತೀಯ?"

"ಅಯ್ಯೋ, ಇಲ್ಲ ಮಾ..."

"ನೀಲಿ ಆದ್ರೆ ವಿಷ ಅಂತ ನೀನೇ ಹೇಳಿದ್ದು! ಸರ್ಕಾರದವರು ವಿಷದ ಬಾವಿಗೆ ಕೆಂಪು ಬಣ್ಣ ಬಳೀತಾರೆ, ನಿನ್ನ ಶೀಶೇಲಿ ಕೆಂಪಿದ್ರೆ ಒಳ್ಳೇದು. ಇಬ್ಬರೂ ಕೂತು ಮೊದಲು ಒಂದು ತೀರ್ಮಾನಕ್ಕೆ ಬನ್ರಮ್ಮ, ಆಮೇಲೆ ಗಂಗೆ ತಂಟೆಗೆ ಬನ್ನಿ."

ಮೌಸುಮಿಗೆ ನಗು ತಡೆಯಲಾಗಲಿಲ್ಲ. ಅತ್ತೆಗೆ ಅದೇ ಇನ್ನಷ್ಟು ಕೋಪ ತರಿಸಿತು. ಅವರು ಜಪಮಾಲೆ ಎತ್ತಿಕೊಂಡು ಗೋಡೆಗೆ ತಿರುಗಿ ಕೂತುಬಿಟ್ಟರು.

ಅಷ್ಟರಲ್ಲಿ ಮೌಸುಮಿಯ ಕಣ್ಣು ಮಗಳ ಮೇಲೆ ಬಿತ್ತು. ಟುಪುರ್ ನೀಲಿ ಲೋಟವನ್ನೇ ನೋಡುತ್ತ ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಒಳಗೆ ಪ್ರಶ್ನೆಯೊಂದು ಹುಟ್ಟಿದೆ ಎಂಬುದಕ್ಕೆ ಅದೇ ಗುರುತು. ಬಾಯಿ ಕೊಂಚ ತೆರೆಯಿತು, ಮುಚ್ಚಿತು. ಅವಳು ಹೋಗಿ ಅಜ್ಜಿಯ ಕಿವಿಗೆ ಪಿಸುಗುಟ್ಟಿದಳು.

ಅಜ್ಜಿ ಹುಬ್ಬೇರಿಸಿದರು. "ಭಲೆ! ಇದು ಕೇಳ್ಬೇಕಾದ ಪ್ರಶ್ನೆಯೇ. ಆದ್ರೆ ನಾನಿವತ್ತು ನಿಮ್ಮಮ್ಮನ ಜೊತೆ ಮಾತು ಬಿಟ್ಟಿದೀನಿ ಸೋನಾ. ನೀನೇ ಕೇಳ್ಕೋ."

ಟುಪುರ್ ತಾಯಿಯ ಕಡೆ ತಿರುಗಿದಳು. ಏನಮ್ಮ, ಏನು ಅಂತ ಹೇಳು ಎಂದು ಕೇಳಲು ಮೌಸುಮಿಯ ನಾಲಿಗೆ ತವಕಿಸಿತು. ಅವಳು ಮಾತನ್ನು ನುಂಗಿಕೊಂಡಳು. ಹುಡುಗಿ ಅರೆಗಳಿಗೆ ನಿಂತು, ತಲೆ ಬಗ್ಗಿಸಿ ಹಲ್ಲುಜ್ಜಲು ಹೋದಳು. ಮೌಸುಮಿ ಮತ್ತೆ ಈಳಿಗೆಮಣೆಯ ಮುಂದೆ ಕೂತು ಉಳಿದ ಮೀನುಗಳನ್ನು ಬಿಡಿಸಿದಳು. ಸಾರು ಕುದಿಯುವಾಗಲೂ ಅದೇ ಯೋಚನೆ: ಆ ಪುಟ್ಟ ತಲೆಯಲ್ಲಿ ಹುಟ್ಟಿದ್ದು ಏನು? ಇವತ್ತೂ ಅದು ಹೊರಗೆ ಬರದೆ ಅಲ್ಲೇ ಕರಗಿಹೋಗುತ್ತದೆಯೆ?

ಶಾಲೆಯ ಸಭಾಂಗಣದಲ್ಲಿ ಮಕ್ಕಳು ಚಾಪೆಯ ಮೇಲೆ, ಮನೆಯವರು ಹಿಂದಿನ ಬೆಂಚುಗಳ ಮೇಲೆ. ಮಾತು ಬಿಟ್ಟಿದ್ದರೂ ನೀಹಾರಕಣಾ ಗಂಜಿ ಹಾಕಿದ ಬಿಳಿ ಸೀರೆಯುಟ್ಟು, ಕೊಡೆ ಹಿಡಿದು ಬಂದಿದ್ದರು. ಚಾಪೆಯ ತುದಿಯಲ್ಲಿ ಅವರ ಮೊಣಕಾಲಿಗೆ ಒರಗಿ ಟುಪುರ್ ಕೂತಿದ್ದಳು.

ಉಳಿದಿದ್ದ ಒಂದೇ ಫ್ಲಾಸ್ಕನ್ನು ಮೌಸುಮಿ ವಿದ್ಯುತ್ ಒಲೆಯ ಮೇಲಿಟ್ಟಳು. ಕುದಿಯುವ ನೀರಿಗೆ ಚಿನ್ನದ ಲವಣ ಹಾಕಿದಳು, ತೆಳು ಹಳದಿ ಬಂತು. ನಿಂಬೆಹುಳಿಯಿಂದ ಮಾಡಿದ ಇನ್ನೊಂದು ಲವಣ ಹಾಕಿದಳು. ಹಳದಿ ಮಾಯವಾಯಿತು.

"ಹೋಯ್ತು!" ಮಕ್ಕಳು ಕೂಗಿದರು.

"ಆಂಟಿ, ಚಿನ್ನ ಆವಿ ಆಗಿಹೋಯ್ತು!"

"ಕೆಟ್ಟೋಯ್ತು ಅನ್ಸುತ್ತೆ, ಪಾಪ."

"ಸ್ವಲ್ಪ ತಾಳ್ರಿ," ಎಂದಳು ಮೌಸುಮಿ. "ಒಳಗಡೆ ಕೆಲಸ ನಡೀತಾ ಇದೆ. ನಮಗೆ ಕಾಣ್ತಾ ಇಲ್ಲ ಅಷ್ಟೆ."

ಬಣ್ಣವಿಲ್ಲದ ನೀರು ಸುಮ್ಮನೆ ಕುದಿಯಿತು. ಆಮೇಲೆ ಯಾರೋ ಶಾಯಿಯಲ್ಲಿ ಬೆರಳದ್ದಿದಂತೆ ಮಸುಕು ಕವಿಯಿತು, ಕಪ್ಪುನೇರಳೆಯಾಯಿತು. ನೋಡನೋಡುತ್ತಲೇ ಮದುವಣಗಿತ್ತಿಯ ಬೈತಲೆಯ ಸಿಂಧೂರದಷ್ಟು ಕೆಂಪು ಅರಳಿತು. ಹಿಂದಿನ ಬೆಂಚಿನಿಂದ ತಾಯಂದಿರು ಎದ್ದು ನಿಂತು ನೋಡಿದರು.

"ಇದ್ರಲ್ಲಿ ಬಳೆ ಮಾಡ್ಬಹುದಾ ಆಂಟಿ?"

"ನಿನ್ನ ಮೂಗುಬೊಟ್ಟಿನಷ್ಟೂ ಚಿನ್ನ ಇಲ್ಲ ಕಣೆ ಇದ್ರಲ್ಲಿ. ಇರೋದನ್ನೇ ಕೋಟ್ಯಂತರ ಕಣ ಮಾಡಿದೀವಿ. ನ್ಯಾನೋ ಕಣ ಅಂತಾರೆ. ಈ ಕಣಗಳು ಒಂದನ್ನ ಕಂಡ್ರೆ ಒಂದು ದೂರ ತಳ್ತವೆ. ಬೆಳಗಿನ ಲೋಕಲ್‌ನಲ್ಲಿ ಲೇಡೀಸ್ ಬೋಗಿ ನೋಡಿದೀರಲ್ಲ, ಹಾಗೆ. ದೂರ ದೂರ ಇರೋವರೆಗೂ ಕೆಂಪು. ಉಪ್ಪು ಹಾಕಿದ್ರೆ ಜಗಳ ಮರೆತು ಗುಂಪಾಗ್ತವೆ. ನೋಡಿ."

ಉಪ್ಪು ನೀರು ಬಿದ್ದೊಡನೆ ಒಂದು ಲೋಟದ ಕೆಂಪು ನೀಲಿಯಾಯಿತು. ಮಕ್ಕಳು ಓಹೋ ಎಂದರು. ನಮ್ಮ ಪ್ರಯೋಗಾಲಯದಲ್ಲಿ ವಿಷದ ನೀರಿಗೂ ಹೀಗೇ ಆಗುತ್ತದೆ, ನೀಲಿ ಕಂಡರೆ ಆ ಬಾವಿಯ ನೀರು ಕುಡಿಯಬಾರದು ಎಂದು ಮೌಸುಮಿ ಹೇಳಿದಳು.

ಅವಳು ನೋಡುತ್ತಿದ್ದಂತೆಯೇ ಟುಪುರ್ ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತತೊಡಗಿದಳು. ತಿರುಗಿ ಮೊಣಕಾಲೂರಿ ಅಜ್ಜಿಯ ಕಿವಿಗೆ ಏನೋ ಹೇಳಿದಳು. ನೀಹಾರಕಣಾ ತಲೆದೂಗಿ ಕೊಡೆಯೂರಿ ಎದ್ದರು. ಮೌಸುಮಿಯ ಮನಸ್ಸು ಕುಸಿಯಿತು. ಇವತ್ತೂ ಅಜ್ಜಿಯ ಬಾಯಲ್ಲೇ.

"ನನ್ನದೊಂದು ಪ್ರಶ್ನೆ," ಎಂದರು ಅತ್ತೆ. "ಇವತ್ತು ಬೆಳಗ್ಗೆ ನಮ್ಮನೇಲಿ ಗಂಗಾಜಲ ಹಾಕಿದ್ರೂ ಇದು ನೀಲಿ ಆಯ್ತು. ಹಾಗಾದ್ರೆ ಗಂಗೆ ವಿಷವೋ? ಇಷ್ಟು ಜನರ ಮುಂದೆ ಹೇಳಿಬಿಡಲಿ ನನ್ನ ಸೊಸೆ."

ಸಭೆಯೆಲ್ಲ ನಕ್ಕಿತು. ಮುಖ್ಯೋಪಾಧ್ಯಾಯಿನಿ ಹೆಡ್ ದಿದಿಮಣಿ ಕೂಡ ಸೆರಗು ಬಾಯಿಗೆ ಒತ್ತಿಕೊಂಡರು.

"ವಿಷ ಅಲ್ಲ, ಮಾ," ಎಂದಳು ಮೌಸುಮಿ. "ಗಂಗೆ ಹಿಮಾಲಯದಿಂದ ಇಲ್ಲಿವರೆಗೆ ಬರೋವಾಗ ದಾರಿಯ ಕಲ್ಲು ಮಣ್ಣಿನ ಸಾರ ಎಲ್ಲ ಕರಗಿಸಿಕೊಂಡು ಬರ್ತಾಳೆ. ಅವೂ ಉಪ್ಪಿನ ನೆಂಟರೇ. ನನ್ನ ಚಿನ್ನ ಅಂಜುಬುರುಕ, ಅಷ್ಟಕ್ಕೇ ಗುಂಪುಕಟ್ಟುತ್ತೆ. ತಪ್ಪು ಚಿನ್ನದ್ದು, ಗಂಗೇದಲ್ಲ."

"ಎಲ್ಲರೂ ಕೇಳಿಸಿಕೊಂಡ್ರಲ್ಲ?" ನೀಹಾರಕಣಾ ಸುತ್ತಲೂ ನೋಡಿ ಗೆದ್ದವರಂತೆ ಕೂತರು.

ಟುಪುರ್ ಅಜ್ಜಿಯ ಸೀರೆ ಜಗ್ಗಿದಳು. "ಅದಲ್ಲ ಠಾಕುಮಾ! ನಾನು ಹೇಳಿದ್ದು ಅದಲ್ಲ!"

"ಅದು ನನ್ನದು. ಈ ಮುದಿ ಬಾಯಲ್ಲಿ ದಿನಕ್ಕೊಂದೇ ಪ್ರಶ್ನೆ ಹಿಡಿಸೋದು. ನಿನ್ನದು ನಿನ್ನ ಹತ್ತಿರಾನೇ ಇದೆಯಲ್ಲ."

ಹೀಗೆ ಹೇಳಿ ಅವರು ಕೊಡೆಯ ಹಿಡಿಯ ಮೇಲೆ ಗಲ್ಲವೂರಿ ಚಾವಣಿ ನೋಡತೊಡಗಿದರು. ಆದರೆ ಅವರ ಇನ್ನೊಂದು ಕೈ ಮೊಮ್ಮಗಳ ಬೆನ್ನಿನ ಮೇಲಿರುವುದು ಮೌಸುಮಿಗೆ ಕಂಡಿತು.

"ಇನ್ನು ಯಾರಾದ್ರೂ ಕೇಳೋದಿದೆಯಾ?" ಎಂದರು ಹೆಡ್ ದಿದಿಮಣಿ. ಯಾರೂ ಏಳಲಿಲ್ಲ. ಅವರು ವಂದನೆ ಹೇಳಲು ಹೆಜ್ಜೆ ಮುಂದಿಡುವಷ್ಟರಲ್ಲಿ ಟುಪುರ್ ಎದ್ದು ನಿಂತಳು.

ಅವಳ ತರಗತಿಯ ಹುಡುಗಿಯರೆಲ್ಲ ಒಟ್ಟಿಗೆ ಹಿಂದೆ ತಿರುಗಿದರು.

"ಉ... ಉ..."

ಮುಂದಿನ ಸಾಲಿನ ಒಬ್ಬಳು ಬಾಯಿ ತೆರೆದಳು. ಪಕ್ಕದವಳು ಅವಳ ಮೊಣಕೈ ಚಿವುಟಿದಳು. "ಉಪ್ಪು" ಎಂಬ ಮಾತು ಮೌಸುಮಿಯ ನಾಲಿಗೆಯ ತುದಿಗೇ ಬಂದು ನಿಂತಿತ್ತು. ಅವಳು ನಾಲಿಗೆಯನ್ನು ಹಲ್ಲಿನ ಹಿಂದೆ ಕಟ್ಟಿಹಾಕಿ, ತಣ್ಣಗಾಗುತ್ತಿದ್ದ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಗಳನ್ನೇ ನೋಡಿದಳು. ಅವಸರವಿಲ್ಲ ಪುಟ್ಟೀ, ನಾನು ಇಲ್ಲೇ ಇದ್ದೇನೆ. ಫ್ಯಾನಿನ ಸದ್ದು ಕೇಳುತ್ತಿತ್ತು. ಟುಪುರ್ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು, ಫ್ರಾಕಿನ ಅಂಚನ್ನು ಕೈಬಿಟ್ಟಳು.

"ಉ... ಉಪ್ಪು ಬಂದ್ರೂ ನೀಲಿ, ಗಂಗೆ ಬಂದ್ರೂ ನೀಲಿ, ವಿ... ವಿಷ ಬಂದ್ರೂ ನೀಲಿ. ಹಾಗಾದ್ರೆ ಮಾ, ಬಂದಿದ್ದು ಯಾರು ಅಂತ ಚಿನ್ನಕ್ಕೆ ಹೇಗೆ ಗೊತ್ತಾಗುತ್ತೆ?"