ಎಲ್ಲರೂ ಬೇಡವೆಂದ ತೋಟ

"ಏಯ್, ನಿಮ್ಮಪ್ಪನ ಆಸ್ತಿ ಏನೇ ಇದು? ಶುಕ್ರವಾರದೊಳಗೆ ಷೆಡ್ಡು ಖಾಲಿ ಮಾಡಿ ತೊಲಗ್ರೋ ಎಲ್ಲಾ!"

ಬ್ಯಾಂಕಿನ ಡಾಸನ್ ಕಾರಿನಿಂದ ಇಳಿಯದೆಯೇ ಕೂಗಿದ. ಲೂಪೆ ದ್ರಾಕ್ಷಿ ಬಳ್ಳಿಗೆ ನೀರು ಬಿಡುವುದನ್ನು ನಿಲ್ಲಿಸಲಿಲ್ಲ.

"ನಮ್ಮಪ್ಪಂದಲ್ಲ ಕಣೋ. ನಿಂದೂ ಅಲ್ಲ ಅಂತ ಆಗಸ್ಟ್‌ನಾಗೆ ನೀನೇ ಬೊಗಳಿದ್ದೆಯಲ್ಲ?"

ಬೊಗಳಿದ್ದು ನಿಜ. ಆಸ್ಟ್ರೇಲಿಯಾದ ಮರ್ರೆ ನದಿ ದಂಡೆಯ ಈ ತೋಟವನ್ನು ಬ್ಯಾಂಕಿಗೆ ಅಡವಿಟ್ಟಿದ್ದ ಮಾಲೀಕ ಪೆಲ್ಲಿಂಗ್ ದಿವಾಳಿಯೆದ್ದಾಗ, ಸಾಲ ತೀರಿಸಲು ಕೋರ್ಟು ನೇಮಿಸಿದ ಟ್ರಸ್ಟಿ ಬಂದು ಟ್ರ್ಯಾಕ್ಟರಿನಿಂದ ಹಿಡಿದು ಫ್ರಿಜ್ಜಿನವರೆಗೆ ಎಲ್ಲ ಹರಾಜು ಹಾಕಿದ. ನೆಲವನ್ನು ಮಾತ್ರ ಮುಟ್ಟಲಿಲ್ಲ. ತೋಟದ ತುಂಬ ಬಿದ್ದಿದ್ದ ಹಳೆಯ ಕೀಟನಾಶಕದ ಪೀಪಾಯಿಗಳಿಂದ ವಿಷ ಸೋರುತ್ತಿತ್ತು. ಈ ಜಮೀನು ನನಗೆ ಬೇಡ ಎಂದು ಕಾಗದ ಬರೆದು ಕೈತೊಳೆದುಕೊಂಡ. ನೆಲ ಸರ್ಕಾರದ ಪಾಲಾಯಿತು. ಹೆಸರಿಗಷ್ಟೇ ನಮ್ಮದು ಎಂದಿತು ಸರ್ಕಾರ. ಪಂಪು ಕೆಟ್ಟಿದೆ ಎಂದು ಬ್ಯಾಂಕಿಗೆ ಹೇಳಲು ಹೋದ ಲೂಪೆಗೆ, ಅಡವು ನಮ್ಮದು, ತೋಟ ನಮ್ಮದಲ್ಲ ಎಂದು ಡಾಸನ್ ಬಾಗಿಲು ತೋರಿಸಿದ್ದ.

ಟೊಂಗಾ ದ್ವೀಪಗಳಿಂದ ಕೂಲಿಗೆ ಬಂದಿದ್ದ, ಲೂಪೆಯೂ ಸೇರಿ ಹನ್ನೊಂದು ಜನಕ್ಕೆ ತೋಟದ ಷೆಡ್ಡು ಬಿಟ್ಟರೆ ಬೇರೆ ಸೂರಿರಲಿಲ್ಲ. ಪಂಪನ್ನು ತಾವೇ ರಿಪೇರಿ ಮಾಡಿದರು, ಬಳ್ಳಿ ಸವರಿದರು. ಲೂಪೆಯ ಗಂಡ ಸಿಯೊಯೆಲಿ ಪೀಪಾಯಿಗಳನ್ನು ಬರಿಗೈಯಲ್ಲೇ ರಸ್ತೆಗೆ ಉರುಳಿಸಿದ, ಸರ್ಕಾರಿ ಲಾರಿ ಒಯ್ದಿತು. ಡಿಸೆಂಬರಿನಲ್ಲಿ ಅವನು ರಕ್ತ ಕೆಮ್ಮಿ ಸತ್ತ. ನೆಲ ಹಸನಾಯಿತು, ಹಣ್ಣು ಸಿಹಿಯಾಯಿತು. ಆಗ ಬ್ಯಾಂಕಿಗೂ ಮಣ್ಣಿನ ಮೇಲೆ ಮೋಹ ಹುಟ್ಟಿತು, ಅಡವಿನ ಪತ್ರ ಹಿಡಿದು ಕೋರ್ಟಿಗೆ ಹೋಯಿತು.

"ಈಗ ನಮ್ದೇ. ಕೋರ್ಟೇ ಬರೆದು ಕೊಟ್ಟಿದೆ." ಡಾಸನ್ ಕಾಗದ ಆಡಿಸಿದ. "ನಾಳೆ ಹಣ್ಣು ಕೀಳೋ ಯಂತ್ರ ಬರುತ್ತೆ."

"ನನ್ ಗಂಡ ಪೀಪಾಯಿ ಉರುಳಿಸೋವಾಗ ಎಲ್ಲೋ ಹಾಳಾಗೋಗಿದ್ದೆ, ನಿನ್ ಬಾಯಿಗ್ ಮಣ್ಣಾಕ?"

"ಅವನಿಗೆ ಯಾರೇ ಉರುಳ್ಸು ಅಂದಿದ್ದು?"

ಲೂಪೆ ನೀರಿನ ಪೈಪು ಕೆಳಗೆಸೆದು ಷೆಡ್ಡಿನ ಕಡೆ ನಡೆದಳು.

ಮಾರನೆಯ ಬೆಳಿಗ್ಗೆ ಡಾಸನ್ ಯಂತ್ರದೊಡನೆ ಬಂದಾಗ ಅವಳು ಗೇಟಿನ ನಟ್ಟನಡುವೆ ಕೂತಿದ್ದಳು. ಕಪ್ಪು ಬಟ್ಟೆಯ ಮೇಲೆ ಟೊಂಗಾದ ರೂಢಿಯಂತೆ ಸೊಂಟಕ್ಕೆ ಸುತ್ತಿದ ಸೂತಕದ ಚಾಪೆ ಹರಿದು ಜೋಲಾಡಿ ನೆಲದ ತುಂಬ ಹರಡಿತ್ತು. ಉಳಿದವರೂ ಚಾಪೆ ಸುತ್ತಿಕೊಂಡು ಒಬ್ಬೊಬ್ಬರಾಗಿ ಹಿಂದೆ ಬಂದು ಕೂತರು.

"ಎದ್ದೇಳೇ! ಏನೇ ಇದು ನಿಂದು ಹೊಸ ವೇಷ?"

"ಗಂಡ ಸತ್ತವನೆ. ವರ್ಷ ತುಂಬೋಗಂಟ ಸೂತಕ. ಅಲ್ಲೀಗಂಟ ಏಳಾಕಿಲ್ಲ."

ಡಾಸನ್ ಡ್ರೈವರನಿಗೆ ಕೈ ಬೀಸಿದ. ಯಂತ್ರ ಮುಂದೆ ಬಂತು. ಗಾಲಿ ಚಾಪೆಯ ಅಂಚಿನ ಮೇಲೆ ಹತ್ತಿ ನಿಂತಿತು. ಡ್ರೈವರ್ ಎಂಜಿನ್ ಆರಿಸಲಿಲ್ಲ. ಲೂಪೆಯೂ ಚಾಪೆ ಎಳೆದುಕೊಳ್ಳಲಿಲ್ಲ.